ಸದ್ದು ಯಾವಾಗ ಬರುತ್ತೆ?

ಕಾರಿನ ಮುಂದಿನ ಗಾಲಿಯಿಂದ ಹೊಸ ಸದ್ದೊಂದು ಹೊರಟಿತೆಂದರೆ ಒಳಗೆ ಕೂತವರಿಗೆಲ್ಲ ಅದು ಬೇರೆಬೇರೆಯಾಗಿಯೇ ಕೇಳಿಸುತ್ತದೆ. ಒಂದು ಮಳೆಗಾಲ ಮುಗಿದ ಹೊತ್ತಿನಲ್ಲಿ ಸಾಗರದಿಂದ ಶಿವಮೊಗ್ಗಕ್ಕೆ ಹೊರಟಿದ್ದೆವು. ಆನಂದಪುರ ದಾಟಿ ರಸ್ತೆ ನೆಟ್ಟಗಾದಾಗ ಹಿಂದಿನ ಸೀಟಿನಿಂದ ಅಮ್ಮ, "ಏನೋ ಗುಂಯ್ ಅಂತಿದೆಯಲ್ಲೋ" ಅಂದಳು. "ಗುಂಯ್ ಅಲ್ಲ ಅತ್ತೆ, ಊಂ ಅಂತಿದೆ, ಅದೂ ಎಡಗಡೆಯಿಂದ" ಎಂದಳು ಹೆಂಡತಿ. ಮಗ ಕಿವಿಯಿಂದ ಇಯರ್‌ಫೋನ್ ತೆಗೆದು ಸ್ವಲ್ಪ ಹೊತ್ತು ಕೇಳಿ, "ಟೈರ್ ಸವೆದಿರ್ಬೇಕು ಅಪ್ಪಾ" ಎಂದ. ನನಗೆ ಅದು ಬಲಗಾಲಿನ ಕೆಳಗಿನಿಂದಲೇ ಬರುತ್ತಿದೆ ಅನ್ನಿಸುತ್ತಿತ್ತು. ಯಾರೂ ಸುಳ್ಳು ಹೇಳುತ್ತಿರಲಿಲ್ಲ. ಗಾಲಿಯ ಬುಡದಲ್ಲಿ ಹುಟ್ಟಿದ ಅದುರು ಸಸ್ಪೆನ್ಷನ್ನಿನ ಕಬ್ಬಿಣ ಹತ್ತಿ, ಬಾಡಿಯ ತಗಡಿನಲ್ಲಿ ಹರಡಿ, ಎಲ್ಲಿ ಸಡಿಲ ಜಾಗ ಸಿಗುತ್ತದೋ ಅಲ್ಲಿ ಸದ್ದಾಗುತ್ತದೆ. ಹಾಗಾಗಿ ಕೂತ ಜಾಗ ಬದಲಾದರೆ ಕೇಳುವ ಸದ್ದೂ ಬದಲಾಗುತ್ತದೆ.

ಮರುದಿನ ಗ್ಯಾರೇಜಿನಲ್ಲಿ ಮೇಸ್ತ್ರಿಗೆ ಇಷ್ಟನ್ನೂ ಒಪ್ಪಿಸಿದೆ. ಅವರು ತಾಳ್ಮೆಯಿಂದ ಕೇಳಿಸಿಕೊಂಡರು. ಆಮೇಲೆ ಕೈಯಲ್ಲಿದ್ದ ಬಟ್ಟೆಯನ್ನು ಬಾನೆಟ್ಟಿನ ಮೇಲಿಟ್ಟು, "ಯಾವಾಗ ಬರುತ್ತೆ ಸಾರ್?" ಎಂದರು. ನಿಧಾನಕ್ಕೆ ಹೋಗುವಾಗ ಇದೆಯಾ, ಸ್ಪೀಡ್ ಏರಿದ ಹಾಗೆ ಏರುತ್ತಾ? ಬ್ರೇಕ್ ಒತ್ತಿದರೆ ನಿಲ್ಲುತ್ತಾ? ಸ್ಟೇರಿಂಗ್ ತಿರುಗಿಸಿದರೆ? ಹಂಪ್ಸ್ ಹತ್ತುವಾಗ? ನ್ಯೂಟ್ರಲ್ ಮಾಡಿದರೂ ಇರುತ್ತಾ? ಸದ್ದು ಹೇಗಿದೆ ಎಂದು ಅವರು ಒಂದು ಮಾತೂ ಕೇಳಲಿಲ್ಲ.

ಆ ಪ್ರಶ್ನೆಗಳ ಬೆಲೆ ಎಷ್ಟೆಂದು ಆಮೇಲೆ ಅವರ ಪಕ್ಕದಲ್ಲಿ ಕೂತು ಅವರ ಕೆಲಸ ನೋಡುತ್ತ ಹೋದಂತೆ ನನಗೆ ತಿಳಿಯುತ್ತ ಬಂತು. ಸದ್ದಿನ ಬಣ್ಣನೆ ಮನುಷ್ಯನಿಂದ ಮನುಷ್ಯನಿಗೆ ಬದಲಾಗುತ್ತದೆ. ಸದ್ದು ಹುಟ್ಟುವ ಸಂದರ್ಭ ಬದಲಾಗುವುದಿಲ್ಲ. ಯಾವ ಭಾಗದ ಮೇಲೆ ಯಾವ ಗಳಿಗೆಯಲ್ಲಿ ಭಾರ ಬೀಳುತ್ತದೋ ಆ ಗಳಿಗೆಯಲ್ಲಿ ಅದು ಕೂಗುತ್ತದೆ. ಗಳಿಗೆಯನ್ನು ಹಿಡಿದರೆ ಭಾಗ ಸಿಕ್ಕಿತು. ಇದು ಗೊತ್ತಿಲ್ಲದವರು ಒಂದೊಂದೇ ಸಾಮಾನು ಬದಲಿಸುತ್ತ ಹೋಗುತ್ತಾರೆ. ಟೈರು, ಆಮೇಲೆ ಬ್ರೇಕ್ ಪ್ಯಾಡು, ಆಮೇಲೆ ಶಾಕ್ ಅಬ್ಸಾರ್ಬರು. ಬಿಲ್ಲು ಬೆಳೆಯುತ್ತದೆ, ಸದ್ದು ಅಲ್ಲೇ ಇರುತ್ತದೆ.

ಮುಂದಿನ ಗಾಲಿಯ ಮೇಲೆ ಈಗ ಇರುವಷ್ಟು ಹೊರೆ ಹಿಂದೆ ಇರಲಿಲ್ಲ. ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿಗಳ ಕಾಲದಲ್ಲಿ ಕಾರನ್ನು ತಳ್ಳುತ್ತಿದ್ದುದು ಹಿಂದಿನ ಗಾಲಿ. ಮುಂದಿನದಕ್ಕೆ ದಿಕ್ಕು ಹಿಡಿಯುವ ಕೆಲಸ ಮತ್ತು ಬ್ರೇಕಿನ ಕೆಲಸ. 1983ರ ಡಿಸೆಂಬರಿನಲ್ಲಿ ಬಂದ ಮಾರುತಿ 800 ಮುಂದಿನ ಗಾಲಿ ಎಳೆಯುವ ಕಾರನ್ನು ನಮ್ಮ ಮಧ್ಯಮವರ್ಗದ ಅಂಗಳಕ್ಕೆ ತಂದು ನಿಲ್ಲಿಸಿತು. ಅಲ್ಲಿಂದಾಚೆಗೆ ನಮ್ಮ ಸಣ್ಣ ಕಾರುಗಳಲ್ಲಿ ಬಹುಪಾಲು ಅದೇ ರೀತಿಯವು. ಎಂಜಿನ್ನು, ಗೇರ್‌ಬಾಕ್ಸುಗಳ ತೂಕವೂ ಮುಂದೆಯೇ, ಎಳೆಯುವುದೂ ಮುಂದೆಯೇ, ತಿರುಗುವುದೂ ಮುಂದೆಯೇ, ಬ್ರೇಕ್ ಒತ್ತಿದಾಗ ಹೆಚ್ಚಿನ ಭಾರ ಬಂದು ಬೀಳುವುದೂ ಮುಂದೆಯೇ. ಒಂದು ಗಾಲಿಯ ಹಿಂದೆ ಬೇರಿಂಗು, ಡ್ರೈವ್ ಶಾಫ್ಟಿನ ಜಾಯಿಂಟು, ಲೋಯರ್ ಆರ್ಮು, ಬಾಲ್ ಜಾಯಿಂಟು, ಟೈ ರಾಡು, ಲಿಂಕ್ ರಾಡು, ಬ್ರೇಕಿನ ಕ್ಯಾಲಿಪರು ಎಲ್ಲ ಒಂದೇ ಮೊಳದ ಜಾಗದಲ್ಲಿ ಒತ್ತಿಕೊಂಡಿವೆ. ಇವುಗಳಲ್ಲಿ ಮಾತಾಡುತ್ತಿರುವುದು ಯಾವುದು ಎಂದು ಹೇಳಲು ಕಣ್ಣು ಸಾಲದು.

ಮೇಸ್ತ್ರಿ ಮೊದಲು ಕಾರನ್ನು ತಾವೇ ಓಡಿಸಿದರು. ಎಫ್‌ಎಮ್ ಬಂದ್, ಏಸಿ ಬಂದ್. ಹಳೆಯ ಡಾಂಬರಿನ ಮೇಲೆ ಒಂದಷ್ಟು ದೂರ, ಹೊಸದಾಗಿ ಹಾಕಿದ ನುಣುಪು ಡಾಂಬರಿನ ಮೇಲೆ ಒಂದಷ್ಟು ದೂರ. ಟೈರಿನ ಸದ್ದಾಗಿದ್ದರೆ ರಸ್ತೆ ಬದಲಾದಾಗ ಅದೂ ಬದಲಾಗಬೇಕು. ಟೈರಿನ ಮೈ ಏರುಪೇರಾಗಿ ಸವೆದಾಗ ಬರುವ ಗುಂಯ್ ಬೇರಿಂಗಿನ ಸದ್ದಿಗೆ ಎಷ್ಟು ಹತ್ತಿರವೆಂದರೆ ಪಳಗಿದವರೂ ಇದೊಂದು ಪರೀಕ್ಷೆ ಮಾಡದೆ ಮಾತಾಡುವುದಿಲ್ಲ. ನಮ್ಮ ಸದ್ದು ಎರಡು ರಸ್ತೆಯಲ್ಲೂ ಒಂದೇ ಸಮ ಇತ್ತು. ಆಮೇಲೆ ಅರವತ್ತರ ವೇಗದಲ್ಲಿ ಖಾಲಿ ರಸ್ತೆ ನೋಡಿ ಒಂದು ಕ್ಷಣ ನ್ಯೂಟ್ರಲ್ ಮಾಡಿದರು. ಎಂಜಿನ್ ಚಾಲೂ ಇತ್ತು. ಬಂದ್ ಮಾಡಿದರೆ ಸ್ಟೇರಿಂಗೂ ಬ್ರೇಕೂ ಗಟ್ಟಿಯಾಗಿಬಿಡುತ್ತವೆ. ಎಂಜಿನ್ನಿನ ದನಿ ಇಳಿಯಿತು, ಗುಂಯ್ ಇಳಿಯಲಿಲ್ಲ. ಅಲ್ಲಿಗೆ ಎಂಜಿನ್ನಿನ ಲೆಕ್ಕ ಮುಗಿಯಿತು.

ಮೂರನೆಯದೇ ನಿರ್ಣಾಯಕ. ಸ್ಟೇರಿಂಗನ್ನು ನಯವಾಗಿ ಎಡಕ್ಕೊಮ್ಮೆ, ಬಲಕ್ಕೊಮ್ಮೆ ಬಾಗಿಸಿದರು. ಎಡಕ್ಕೆ ಹೊರಳಿದಾಗ ಸದ್ದು ದಪ್ಪಗಾಯಿತು. ಬಲಕ್ಕೆ ಹೊರಳಿದಾಗ ತೆಳ್ಳಗಾಯಿತು. "ಟೈರ್ ಅಲ್ಲ ಸಾರ್. ಬಲಗಡೆ ಬೇರಿಂಗ್" ಎಂದರು. ಕಾರು ಎಡಕ್ಕೆ ತಿರುಗುವಾಗ ಅದರ ತೂಕ ಬಲಗಡೆಯ ಗಾಲಿಗಳ ಮೇಲೆ ಒರಗುತ್ತದೆ. ಸವೆದ ಬೇರಿಂಗು ಭಾರ ಬಿದ್ದಾಗ ಹೆಚ್ಚು ಕೂಗುತ್ತದೆ. ಆದ್ದರಿಂದ ಎಡಕ್ಕೆ ತಿರುಗಿದಾಗ ಜೋರಾಗುವ ಸದ್ದಿಗೆ ಬಲದ ಬೇರಿಂಗನ್ನೂ, ಬಲಕ್ಕೆ ತಿರುಗಿದಾಗ ಜೋರಾಗುವುದಕ್ಕೆ ಎಡದ್ದನ್ನೂ ಮೊದಲು ಶಂಕಿಸಬೇಕು. ವಾಪಸು ಬರುವಾಗ ಊರೊಳಗಿನ ಕೆಂಪುಕಲ್ಲಿನ ಉದ್ದ ಕಾಂಪೌಂಡಿನ ಪಕ್ಕದಲ್ಲಿ ಎಡಗಡೆಯ ಕಿಟಕಿ ಇಳಿಸಿಕೊಂಡು ಓಡಿಸಿದರು. ಹತ್ತಿರದ ಗೋಡೆ ಆ ಬದಿಯ ಗಾಲಿಯ ಸದ್ದನ್ನು ನೇರವಾಗಿ ಕಿಟಕಿಗೆ ಮರಳಿಸುತ್ತದೆ. ಎಡಗಡೆಯಿಂದ ಹೊಸದೇನೂ ಬರಲಿಲ್ಲ.

ಗ್ಯಾರೇಜಿನಲ್ಲಿ ಜಾಕಿ ಕೊಟ್ಟು, ಸ್ಟ್ಯಾಂಡಿನ ಮೇಲೆ ಕೂರಿಸಿದರು. ಬರಿಯ ಜಾಕಿಯ ಮೇಲೆ ನಿಂತ ಕಾರಿನ ಕೆಳಗೆ ಕೈಹಾಕಲು ಅವರು ತಮ್ಮ ಹುಡುಗರಿಗೆ ಬಿಡುವುದೇ ಇಲ್ಲ. ಗಾಲಿಯನ್ನು ಮೇಲೆ-ಕೆಳಗೆ ಹಿಡಿದು ಅಲುಗಿಸಿದರು, ಆಮೇಲೆ ಎಡ-ಬಲ ಹಿಡಿದು. ಮೇಲೆ-ಕೆಳಗೆ ಆಡಿದರೆ ಬೇರಿಂಗು ಅಥವಾ ಬಾಲ್ ಜಾಯಿಂಟು. ಎಡ-ಬಲ ಮಾತ್ರ ಆಡಿದರೆ ಟೈ ರಾಡಿನ ತುದಿ. ನಮ್ಮದರಲ್ಲಿ ಎಲ್ಲೂ ಆಟವಿರಲಿಲ್ಲ. ಅಷ್ಟಕ್ಕೇ ಬಿಡುವವರು ಬಿಟ್ಟುಬಿಡುತ್ತಾರೆ. ಬೇರಿಂಗು ಸಡಿಲಾಗುವುದಕ್ಕೆ ಬಹಳ ಮೊದಲೇ ಸದ್ದು ಮಾಡುತ್ತದೆಂಬುದು ಮೇಸ್ತ್ರಿಗೆ ಗೊತ್ತು. ಎಡಗೈಯ ಬೆರಳುಗಳನ್ನು ಸಸ್ಪೆನ್ಷನ್ನಿನ ಸುರುಳಿ ಸ್ಪ್ರಿಂಗಿನ ಮೇಲೆ ಹಗುರವಾಗಿಟ್ಟು ಬಲಗೈಯಿಂದ ಗಾಲಿಯನ್ನು ಜೋರಾಗಿ ತಿರುಗಿಸಿದರು. "ಕೈ ಇಡಿ ಸಾರ್" ಎಂದರು. ಇಟ್ಟೆ. ಬೀಸುಕಲ್ಲಿನ ಗೂಟ ಹಿಡಿದಾಗ ಅಂಗೈಗೆ ತಾಗುವಂಥದೇ ಸಣ್ಣ ಒರಟು ಅದುರು ಸ್ಪ್ರಿಂಗಿನಲ್ಲಿ ಹರಿಯುತ್ತಿತ್ತು. ಎಡಗಡೆಯ ಗಾಲಿ ತಿರುಗಿಸಿ ಕೈಯಿಟ್ಟರೆ ಅಲ್ಲಿ ಏನೂ ಇಲ್ಲ. ಅದುವರೆಗೆ ಕಿವಿ ಮಾತ್ರ ಬಲ್ಲ ವಿಷಯ ಈಗ ಬೆರಳಿಗೂ ಗೊತ್ತಾಯಿತು.

ಬಿಚ್ಚಿ ತೆಗೆದ ಬೇರಿಂಗನ್ನು ಸೀಮೆಎಣ್ಣೆಯಲ್ಲಿ ತೊಳೆದು ಬೆಳಕಿಗೆ ಹಿಡಿದರು. ಗುಂಡುಗಳು ಓಡುವ ಉಕ್ಕಿನ ದಾರಿ ಕನ್ನಡಿಯಾಗಿರಬೇಕು. ಅದರಲ್ಲಿ ಒಂದು ಕಡೆ ಉಗುರಿಗೆ ತೊಡಕುವ ಚಿಕ್ಕ ಚಿಕ್ಕ ಗುಳಿಗಳು ಬಿದ್ದಿದ್ದವು. ಒಳಗಿನ ಗ್ರೀಸು ನೀರು ಸೇರಿ ಹಾಲುಬಣ್ಣಕ್ಕೆ ತಿರುಗಿತ್ತು. ಮಲೆನಾಡಿನ ಮಳೆಗಾಲದಲ್ಲಿ ಹಳ್ಳ ಉಕ್ಕಿ ರಸ್ತೆಗೆ ಬಂದಾಗ ಓಡಿ ಬಿಸಿಯಾದ ಗಾಲಿಯನ್ನು ನೀರಿಗಿಳಿಸುತ್ತೇವೆ. ಬಿಸಿ ಹಬ್ಬು ಒಮ್ಮೆಲೇ ತಣ್ಣಗಾದಾಗ ಒಳಗಿನ ಗಾಳಿ ಕುಗ್ಗಿ, ಸವೆದ ಸೀಲಿನ ಸಂದಿಯಿಂದ ನೀರನ್ನು ಎಳೆದುಕೊಳ್ಳುತ್ತದೆ. ಗ್ರೀಸು ಕೆಡುತ್ತದೆ, ಉಕ್ಕು ಉಕ್ಕನ್ನು ತಿನ್ನುತ್ತದೆ. ಹೊಸ ಬೇರಿಂಗನ್ನು ಅವರು ಸುತ್ತಿಗೆಯಿಂದ ಬಡಿದು ಕೂರಿಸಲಿಲ್ಲ. ಪ್ರೆಸ್ ಇರುವ ಕಡೆಗೆ ಕಳಿಸಿ, ಹೊರಬಳೆಯ ಮೇಲೆ ಒತ್ತಡ ಬೀಳುವಂತೆ ಒತ್ತಿಸಿದರು. ಸುತ್ತಿಗೆಯ ಏಟು ಗುಂಡುಗಳ ಮೂಲಕ ಹಾದು ದಾರಿಯಲ್ಲಿ ಕಚ್ಚು ಮೂಡಿಸಿದರೆ ಹೊಸ ಬೇರಿಂಗು ಹುಟ್ಟುತ್ತಲೇ ಮುಪ್ಪಾಗುತ್ತದೆ.

ಗಾಲಿ ತಿರುಗುವ ಲೆಕ್ಕವೂ ಇಲ್ಲಿ ಕೆಲಸಕ್ಕೆ ಬರುತ್ತದೆ. ಸಣ್ಣ ಕಾರಿನ ಗಾಲಿಯ ಸುತ್ತಳತೆ ಸುಮಾರು 1.7 ಮೀಟರು. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಅದು ಸೆಕೆಂಡಿಗೆ ಹೆಚ್ಚುಕಡಿಮೆ 10 ಸುತ್ತು ಹಾಕುತ್ತದೆ. ಆ ವೇಗದಲ್ಲಿ ಸುತ್ತಿಗೊಮ್ಮೆ ಆಗುವ ಬಡಿತವನ್ನು ಎಣಿಸುವುದು ಅಸಾಧ್ಯ. ನಡಿಗೆಯ ವೇಗಕ್ಕೆ ಇಳಿಸಿದರೆ ಸೆಕೆಂಡಿಗೆ ಒಂದು ಸುತ್ತೂ ತುಂಬದು, ಆಗ ಎಣಿಸಬಹುದು. ಸುತ್ತಿಗೊಂದೇ ಟಕ್ ಎಂದರೆ ಅದು ಗಾಲಿಯ ಜತೆ ತಿರುಗುವ ವಸ್ತು: ಟೈರಿನ ಗೀರಿನಲ್ಲಿ ಸಿಕ್ಕ ಜಲ್ಲಿಕಲ್ಲು, ಮೊಳೆ, ಸಡಿಲವಾದ ನಟ್ಟು. ಸುತ್ತಿಗೂ ಸದ್ದಿಗೂ ತಾಳ ಕೂಡದೆ ಹಳ್ಳ ಬಂದಾಗಲಷ್ಟೇ ಬಡಿದರೆ ಅದು ತಿರುಗದ ಭಾಗ, ಸಸ್ಪೆನ್ಷನ್ನಿನದು.

ತಿರುವಿನಲ್ಲಿ ಮಾತ್ರ ಕೂಗುವ ಸದ್ದನ್ನು ನಾನು ಹತ್ತಿರದಿಂದ ಕೇಳಿದ್ದು ಆಗುಂಬೆ ಘಾಟಿಯಲ್ಲಿ, ನೆಂಟರೊಬ್ಬರ ಕಾರಿನಲ್ಲಿ. ಸೋಮೇಶ್ವರದಿಂದ ಮೇಲೆ ಹತ್ತುವ ಆ ದಾರಿಯಲ್ಲಿ 14 ಕಡಿದಾದ ಸುತ್ತುಗಳಿವೆ. ಒಂದೊಂದು ಸುತ್ತಿನಲ್ಲೂ ಸ್ಟೇರಿಂಗು ಪೂರ್ತಿ ತಿರುಗಿರುತ್ತದೆ, ಎಂಜಿನ್ನು ಮೊದಲ ಗೇರಿನಲ್ಲಿ ಬಲ ಹಾಕುತ್ತಿರುತ್ತದೆ. ಅಲ್ಲಿ ಕಟ ಕಟ ಕಟ ಎಂದು ಶುರುವಾಗುವುದು, ನೆಟ್ಟಗಿನ ದಾರಿಗೆ ಬಂದೊಡನೆ ನಿಲ್ಲುವುದು. ಇದು ಡ್ರೈವ್ ಶಾಫ್ಟಿನ ಹೊರತುದಿಯ ಸಿವಿ ಜಾಯಿಂಟಿನ ಸದ್ದು. ಗಾಲಿ ಎಷ್ಟೇ ಓರೆಯಾಗಲಿ, ಶಾಫ್ಟಿನ ತಿರುಗಾಟ ಅದಕ್ಕೆ ಒಂದೇ ಸಮನಾಗಿ ತಲುಪಬೇಕು. ಲಾರಿಗಳ ಅಡಿಯಲ್ಲಿ ಕಾಣುವ ಕ್ರಾಸ್ ಜಾಯಿಂಟು ಓರೆಯಾದಾಗ ಪ್ರತಿ ಸುತ್ತಿನಲ್ಲೂ ಎರಡು ಸಲ ವೇಗ ಏರಿಳಿಯುತ್ತದೆ. ಮುಂದಿನ ಗಾಲಿಯಲ್ಲಿ ಅದನ್ನು ಹಾಕಿದರೆ ಸ್ಟೇರಿಂಗು ಕೈಯಲ್ಲಿ ಕುಣಿಯುತ್ತದೆ. 1920ರ ದಶಕದಲ್ಲಿ ಫೋರ್ಡ್ ಕಂಪನಿಯ ಎಂಜಿನಿಯರ್ ಆಲ್ಫ್ರೆಡ್ ಜೆಪ್ಪಾ ಇದಕ್ಕೆ ಉತ್ತರ ಕಂಡುಹಿಡಿದರು. ಒಂದು ಬಟ್ಟಲು, ಅದರೊಳಗೊಂದು ಗಡ್ಡೆ, ನಡುವೆ ಬಾಗಿದ ತೋಡುಗಳಲ್ಲಿ ಓಡಾಡುವ ಆರು ಉಕ್ಕಿನ ಗುಂಡುಗಳು. 1959ರಲ್ಲಿ ಬ್ರಿಟನ್ನಿನ ಮಿನಿ ಕಾರು ಈ ಜಾಯಿಂಟನ್ನು ಬಳಸಿತು. ಮುಂದಿನ ಗಾಲಿ ಎಳೆಯುವ ಸಣ್ಣ ಕಾರುಗಳು ಜಗತ್ತಿನಲ್ಲಿ ಹಬ್ಬಿದ್ದು ಇದರ ಬಲದಿಂದ.

ಇಷ್ಟು ಸೊಗಸಾದ ಯಂತ್ರವನ್ನು ಕಾಯುತ್ತಿರುವುದು ಒಂದು ರಬ್ಬರ್ ಬೂಟು. ಅದು ಹರಿದರೆ ಗಾಲಿ ತಿರುಗುವ ರಭಸಕ್ಕೆ ಗ್ರೀಸು ಹೊರಗೆ ಚಿಮ್ಮುತ್ತದೆ, ಧೂಳು ಒಳಗೆ ಹೋಗುತ್ತದೆ. ನೆಂಟರ ಕಾರಿನ ಗಾಲಿ ಬಿಚ್ಚಿದಾಗ ರಿಮ್ಮಿನ ಒಳಮೈಯಲ್ಲಿ ಕರಿಯ ಗ್ರೀಸಿನ ಪಟ್ಟಿ ಅಂಟಿಕೊಂಡಿತ್ತು. ಮೇಸ್ತ್ರಿ ಅದನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಉಜ್ಜಿ, "ಮರಳು ಸಿಗ್ತಿದೆ ನೋಡಿ. ಜಾಯಿಂಟ್ ಹೋಗಿದೆ" ಎಂದರು. ಬೂಟು ಹರಿದ ಹೊಸದರಲ್ಲೇ, ಕಟಕಟ ಶುರುವಾಗುವ ಮುನ್ನವೇ ನೋಡಿದ್ದರೆ ತೊಳೆದು, ಹೊಸ ಗ್ರೀಸು ತುಂಬಿ, ಬೂಟು ಹಾಕಿದರೆ ಸಾಕಿತ್ತು. ಅನುಮಾನ ಇದ್ದವರು ಖಾಲಿ ಮೈದಾನದಲ್ಲಿ ಸ್ಟೇರಿಂಗು ಪೂರ್ತಿ ತಿರುಗಿಸಿ, ಹಗುರವಾಗಿ ಆಕ್ಸಿಲರೇಟರ್ ಕೊಟ್ಟು, ಎರಡೂ ಕಡೆಗೆ ಒಂದೊಂದು ಸುತ್ತು ಹಾಕಿ ನೋಡಬಹುದು.

ಹಂಪ್ಸಿನ ಸದ್ದುಗಳದು ಇನ್ನೊಂದು ಬಳಗ. ನಿಧಾನ ವೇಗದಲ್ಲಿ ಸಣ್ಣ ಸಣ್ಣ ಗುಂಡಿ ದಾಟುವಾಗ ಲೊಟ್ ಲೊಟ್ ಎಂದರೆ ಲಿಂಕ್ ರಾಡಿನ ಮೇಲೆ ಗುಮಾನಿ. ಬ್ರೇಕ್ ಒತ್ತಿದಾಗ ಒಂದೇ ಸಲ ದಡ್ ಎಂದರೆ ಲೋಯರ್ ಆರ್ಮಿನ ಬುಷ್ಷು. ಕಾರು ನಿಂತೇ ಇರುವಾಗ ಸ್ಟೇರಿಂಗು ತಿರುಗಿಸಿದಾಗ ಸ್ಪ್ರಿಂಗು ಟೊಂಯ್ ಎಂದು ಜಿಗಿದರೆ ಶಾಕ್ ಅಬ್ಸಾರ್ಬರಿನ ನೆತ್ತಿಯ ಮೇಲಿರುವ ಬೇರಿಂಗು. ಬ್ರೇಕಿನವು ಮತ್ತೂ ಬೇರೆ. ರಾತ್ರಿಯಿಡೀ ಮಳೆ ಹೊಡೆದ ಬೆಳಗ್ಗೆ ಮೊದಲ ಒಂದೆರಡು ಬ್ರೇಕಿಗೆ ಬರುವ ಕೆರೆತ ಡಿಸ್ಕಿನ ಮೇಲಿನ ತೆಳು ತುಕ್ಕಿನದು. ಅದು ತಾನೇ ಉಜ್ಜಿಹೋಗುತ್ತದೆ, ಹೆದರಬೇಕಿಲ್ಲ. ದಿನವಿಡೀ ಬಿಡದೆ ಕಿರ್‌ಗುಟ್ಟಿದರೆ ಪ್ಯಾಡು ನೋಡಬೇಕು. ಅನೇಕ ಪ್ಯಾಡುಗಳಿಗೆ ಒಂದು ಚಿಕ್ಕ ತಗಡಿನ ನಾಲಗೆ ಇರುತ್ತದೆ. ಪ್ಯಾಡು ಸವೆದು ತೆಳುವಾದಾಗ ಅದು ಡಿಸ್ಕಿಗೆ ತಾಗಿ ಕೂಗಲೆಂದೇ ಇಟ್ಟಿರುವುದು. ಆ ಕೂಗನ್ನು ಕೇಳಿಯೂ ಓಡಿಸಿದರೆ ಪ್ಯಾಡಿನ ಬೆನ್ನಿನ ಕಬ್ಬಿಣ ಡಿಸ್ಕನ್ನೇ ಕೆತ್ತುತ್ತದೆ. ಜಲ್ಲಿ ಹಾಕಿದ ರಸ್ತೆಯಲ್ಲಿ ಹೋಗಿಬಂದ ಮೇಲೆ ಕಿವಿ ಹರಿಯುವಂತೆ ಚೀರತೊಡಗಿದರೆ ಡಿಸ್ಕಿಗೂ ಅದರ ಹಿಂದಿನ ತಗಡಿಗೂ ನಡುವೆ ಕಲ್ಲು ಸಿಕ್ಕಿರುವುದು ಬಹಳ ಸಲ. ಎಲ್ಲಕ್ಕಿಂತ ಭಯಂಕರ ಸದ್ದು, ಎಲ್ಲಕ್ಕಿಂತ ಅಗ್ಗದ ರಿಪೇರಿ.

ಇದಕ್ಕೆ ತಿರುಗುಮುರುಗಾದದ್ದೂ ಉಂಟು, ಅದನ್ನು ಎಲ್ಲ ಕಾರಿನವರೂ ತಿಳಿದಿರಬೇಕು. ಬಾಲ್ ಜಾಯಿಂಟಿನ ಸದ್ದು ಸಣ್ಣದು. ಸ್ಟೇರಿಂಗು ತಿರುಗಿಸಿದಾಗ ಒಂದು ಕುಂಯ್, ಹಳ್ಳದಲ್ಲೊಂದು ಮಂದ ಬಡಿತ. ಮಳೆ ಬಂದು ನೆನೆದರೆ ಅದೂ ಕೇಳಿಸದೆ ಹೋಗಬಹುದು. ಅದು ಪೂರ್ತಿ ಸವೆದು ಕಳಚಿಕೊಂಡರೆ ಗಾಲಿಯೇ ಅಡ್ಡಬೀಳುತ್ತದೆ. ಪಂಕ್ಚರ್ ಹಾಕಿಸಿಕೊಂಡು ಬಂದ ಮೇಲೆ ಗಾಲಿಯಿಂದ ದಬದಬ ಕೇಳಿಸಿದರೆ ಮನೆ ಮುಟ್ಟಿ ನೋಡೋಣ ಎನ್ನದೆ ಅಲ್ಲೇ ನಿಲ್ಲಿಸಿ ನಟ್ಟುಗಳನ್ನು ನೋಡಬೇಕು. ಸದ್ದಿನ ಗಾತ್ರಕ್ಕೂ ಅಪಾಯದ ಗಾತ್ರಕ್ಕೂ ಸಂಬಂಧವಿಲ್ಲ. ಹಾಗಾಗಿಯೇ ಯಾವ ಸದ್ದನ್ನೂ ಅದರ ಜೋರಿನಿಂದ ಅಳೆಯಬಾರದು, ತಾನಾಗಿ ನಿಂತ ಸದ್ದನ್ನು ವಾಸಿಯಾಯಿತೆಂದು ನಂಬಬಾರದು.

ಗಾಲಿಗೆ ಕಿವಿಗೊಡುವುದು ನಮ್ಮ ನೆಲದಲ್ಲಿ ಹೊಸ ವಿದ್ಯೆಯೇನಲ್ಲ. ಎತ್ತಿನಗಾಡಿಯ ಇರಸು ಒಣಗಿತೆಂದು ಹೊಲದಾಚೆಯಿಂದಲೇ ಕೇಳಿ ಹೇಳುವ ರೈತರಿದ್ದರು. ಗಾಡಿಯ ಜತೆಗೆ ಕೀಲೆಣ್ಣೆಯೂ ತೂಗಾಡಿಕೊಂಡು ಬರುತ್ತಿತ್ತು. ರೈಲು ಜಂಕ್ಷನ್ನುಗಳಲ್ಲಿ ಗಾಡಿ ನಿಂತೊಡನೆ ಉದ್ದ ಹಿಡಿಕೆಯ ಸುತ್ತಿಗೆ ಹಿಡಿದವರೊಬ್ಬರು ಗಾಲಿಯಿಂದ ಗಾಲಿಗೆ ಹೋಗುತ್ತ ಒಂದೊಂದನ್ನೂ ತಟ್ಟುತ್ತಿದ್ದರು. ಗಟ್ಟಿ ಗಾಲಿ ಠಣ್ ಎನ್ನುತ್ತಿತ್ತು, ಬಿರುಕು ಬಿಟ್ಟದ್ದು ಮಂಕಾಗಿ ಮಾರುತ್ತರ ಕೊಡುತ್ತಿತ್ತು. ಆಕ್ಸಲ್ ಪೆಟ್ಟಿಗೆಗೆ ಮುಂಗೈಯ ಹಿಂಬದಿ ತಾಗಿಸಿ ಬಿಸಿ ನೋಡುತ್ತಿದ್ದರು. ಸಾವಿರಾರು ಪ್ರಯಾಣಿಕರ ಜೀವ ಆ ಕಿವಿ, ಆ ಕೈಗಳ ಮೇಲಿತ್ತು.

ಈಗಿನ ಗ್ಯಾರೇಜುಗಳಲ್ಲಿ ಸ್ಕ್ಯಾನರ್ ಇದೆ. ಎಂಜಿನ್ನಿನ ದೋಷಗಳನ್ನು ಕೋಡಿನಲ್ಲಿ ಹೇಳುವ ಒಳ್ಳೆಯ ಉಪಕರಣ ಅದು. ಆದರೆ ಬುಷ್ಷು ಸವೆದದ್ದಕ್ಕೆ, ಬಾಲ್ ಜಾಯಿಂಟು ಸಡಿಲಾದದ್ದಕ್ಕೆ, ಲಿಂಕ್ ರಾಡು ಬಡಿಯುವುದಕ್ಕೆ ಅದರಲ್ಲಿ ಕೋಡು ಇಲ್ಲ. ಅಲ್ಲಿ ಈಗಲೂ ಬೇಕಾದದ್ದು ಓಡಿಸಿ ನೋಡುವ, ಕೇಳುವ, ಮುಟ್ಟುವ ಮನುಷ್ಯ. ಅಂಥವರು ನಮ್ಮ ಸಣ್ಣ ಊರುಗಳ ಗ್ಯಾರೇಜುಗಳಲ್ಲಿ ಇದ್ದಾರೆ. ಅವರ ತಿಳಿವಳಿಕೆ ಯಾವ ಸರ್ಟಿಫಿಕೇಟಿನಲ್ಲೂ ಬರೆದಿಲ್ಲ. ಪಕ್ಕದಲ್ಲಿ ಪಾನಾ ಹಿಡಿದು ನಿಂತ ಹುಡುಗರಿಗೆ ದಾಟಿದಷ್ಟೇ ಅದು ಉಳಿಯುತ್ತದೆ. ಅದು ದಾಟಬೇಕಾದರೆ ಪರೀಕ್ಷೆ ಮಾಡಿ ನೋಡಿದ ಹೊತ್ತಿಗೂ ಕೂಲಿ ಇರಬೇಕು. ಸಾಮಾನು ಹಾಕಿದ್ದಕ್ಕೆ ದುಡ್ಡು ಕೊಟ್ಟು, ಸಾಮಾನು ಬೇಡವೆಂದು ಕಂಡುಹಿಡಿದದ್ದಕ್ಕೆ ಏನೂ ಕೊಡದಿದ್ದರೆ ಮುಂದಿನ ತಲೆಮಾರು ಸಾಮಾನು ಬದಲಿಸುವುದನ್ನಷ್ಟೇ ಕಲಿಯುತ್ತದೆ.

ಕಾರಿನವರ ಪಾಲಿನ ಕೆಲಸವೂ ಸ್ವಲ್ಪ ಇದೆ. ಗ್ಯಾರೇಜಿಗೆ ಹೋದಾಗ "ಬೇರಿಂಗ್ ಹಾಕಿ" ಎಂದೋ, "ಏನೋ ಸದ್ದು ಬರ್ತಿದೆ, ನೋಡಿ" ಎಂದೋ ಕೀಲಿ ಕೊಟ್ಟು ಬರಬೇಡಿ. ಹಿಂದಿನ ದಿನ ಪಕ್ಕದಲ್ಲಿ ಒಬ್ಬರನ್ನು ಕೂರಿಸಿಕೊಂಡು ಒಂದು ಸುತ್ತು ಹೋಗಿ ಬನ್ನಿ. ಯಾವ ವೇಗದಲ್ಲಿ, ಯಾವ ಕಡೆ ತಿರುಗಿದಾಗ, ಬ್ರೇಕಿಗೋ ಹಳ್ಳಕ್ಕೋ, ತಣ್ಣಗಿರುವಾಗಲೋ ಬಿಸಿಯಾದ ಮೇಲೋ ಎಂದು ಒಂದು ಚೀಟಿಯಲ್ಲಿ ಬರೆದುಕೊಳ್ಳಿ. "ಐವತ್ತು ದಾಟಿದ ಮೇಲೆ ಶುರು, ಎಡಕ್ಕೆ ತಿರುಗಿದರೆ ಜಾಸ್ತಿ, ಬ್ರೇಕಿಗೆ ಬದಲಾಗಲ್ಲ" ಎಂದು ಹೇಳಿದ ಗಿರಾಕಿಯ ಕಾರಿಗೆ ಮೇಸ್ತ್ರಿ ಪಾನಾ ಹಾಕುವ ಹೊತ್ತಿಗೆ ಅರ್ಧ ರಿಪೇರಿ ಆಗಿರುತ್ತದೆ.